ಬಾಗಿಲ ಒಳಗಿನ ಧೂಳು

ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುವ ಕಾರ್ಖಾನೆಗೆ ಬೆಂಕಿ ಬಿದ್ದು ಆರು ದಿನವಾಗಿತ್ತು. ಸೀಸದ ವಿಷ ಬಿದ್ದಿದೆಯೇ ಎಂದು ತಿಳಿಯಲು ಎಲ್ಲೆಲ್ಲಿ ಮಣ್ಣು ತೆಗೆದು ಪರೀಕ್ಷಿಸಬೇಕೆಂದು ಗೊತ್ತುಮಾಡುವ ಕೆಲಸ ಅವಳದು. ಆಮೇಲೆ ಶುಚಿ ಮಾಡುವವರು ಅವಳ ನಕ್ಷೆ ಹಿಡಿದೇ ಹೊರಡುತ್ತಿದ್ದರು. ಅವಳು ಚುಕ್ಕೆ ಇಡದ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಂದೊಂದು ಚುಕ್ಕೆಯನ್ನೂ ಅವಳು ಎರಡೆರಡು ಸಲ ನೋಡಿ ಇಡುತ್ತಿದ್ದುದು ಅದಕ್ಕೇ.

ಹೊಗೆ ಪೂರ್ವಕ್ಕೆ ಹೋಗಿತ್ತು. ಆ ಬೀದಿಗಳಲ್ಲಿ ನಲವತ್ತು ಚುಕ್ಕೆ ಇಟ್ಟು, ಮಣ್ಣು ತೆಗೆಸಿ ಪ್ರಯೋಗಾಲಯಕ್ಕೆ ಕಳಿಸಿದಳು. ತಂಗಿಯ ಮನೆ ಪಶ್ಚಿಮದಲ್ಲಿ, ಸಾಕಷ್ಟು ದೂರದಲ್ಲಿತ್ತು. ಸದ್ಯ, ಎಂದುಕೊಂಡಳು.

ಮಧ್ಯಾಹ್ನ ತಂಗಿಯ ಮನೆಗೆ ಊಟಕ್ಕೆ ಹೋದಳು. ಹತ್ತು ತಿಂಗಳ ಕೂಸು ಬಾಗಿಲ ಬಳಿ ಕೂತು ಬೂಟಿನ ದಾರ ಚೀಪುತ್ತಿತ್ತು. ಬೂಟು ತಂಗಿಯ ಗಂಡನದು. ಅವನು ಅದೇ ಕಾರ್ಖಾನೆಯಲ್ಲಿ ಬ್ಯಾಟರಿ ಒಡೆಯುತ್ತಿದ್ದ. ಬೆಂಕಿಯ ದಿನ ರಜೆಯಲ್ಲಿದ್ದುದರಿಂದ ಬಚಾವಾದನೆಂದು ಮನೆಯವರೆಲ್ಲ ಸಮಾಧಾನಪಟ್ಟಿದ್ದರು.

ಅವಳು ದಾರವನ್ನು ಕೂಸಿನ ಬಾಯಿಂದ ಕಿತ್ತಳು.

"ಕೆಲಸದ ಬೂಟು ಅಲ್ಲೇ ಬಿಟ್ಟು ಬರಲ್ವಾ?"

"ಎಲ್ಲಿ ಬಿಡೋದು? ಎಲ್ಲರೂ ಹಾಕ್ಕೊಂಡೇ ಬರ್ತೀವಿ," ಎಂದ ಊಟಕ್ಕೆ ಕೂತಿದ್ದ ಅವನು.

ಅವಳು ಕೈಗವಸು ತೊಟ್ಟು, ಬಾಗಿಲ ಬಳಿ ಒಂದಡಿ ಚೌಕ ಅಳೆದು, ಒದ್ದೆ ಬಟ್ಟೆಯಿಂದ ನೆಲ ಒರೆಸಿ ಬಟ್ಟೆಯನ್ನು ಮುಚ್ಚಳದ ಡಬ್ಬಿಗೆ ಹಾಕಿದಳು.

"ಏನಕ್ಕಾ, ನಾನು ಕಸ ಗುಡಿಸ್ತೀನೋ ಇಲ್ವೋ ಅಂತ ಪರೀಕ್ಷೆನಾ?" ತಂಗಿ ನಕ್ಕಳು. ಅಕ್ಕನ ಮುಖ ಕಂಡು ನಗು ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಪ್ರಯೋಗಾಲಯದಿಂದ ಫೋನ್ ಬಂತು. "ಈ ಕೊನೇದು ಯಾರ ಮನೇದು ಮೇಡಂ? ಪೂರ್ವದ ಬೀದಿಗಳಿಗಿಂತ ಸೀಸ ಜಾಸ್ತಿ ಇದೆ. ಮಕ್ಕಳಿದ್ರೆ ಮೊದಲು ಆಚೆ ಕರ್ಕೊಂಡು ಹೋಗಿ."

ಅವಳು ತಂಗಿಗೆ ಹೇಳಿದಳು. ಕೂಸನ್ನು ಎತ್ತಿಕೊಂಡು ಗಂಡ ಹೆಂಡತಿ ಅವಳ ಮನೆಗೆ ಬಂದರು. ಆಮೇಲೆ ಅವಳು ನೇರ ಮೇಲಧಿಕಾರಿಯ ಕೋಣೆಗೆ ಹೋದಳು.

"ಸರ್, ನನ್ನ ಯೋಜನೆ ತಪ್ಪು. ಗಾಳಿ ಒಂದನ್ನೇ ನೋಡಿದ್ದೆ. ಸೀಸ ವರ್ಷಗಟ್ಟಲೆ ಬೂಟಿನಲ್ಲಿ, ಬಟ್ಟೇಲಿ ಮನೆಮನೆಗೂ ಹೋಗಿದೆ. ಕೆಲಸಗಾರರ ಪಟ್ಟಿ ಬೇಕು."

"ಒಂದು ಮನೆ ನೋಡ್ಕೊಂಡು ಊರೆಲ್ಲ ಗಾಬರಿಪಡಿಸ್ತೀಯಾ? ಅದೂ ನಿನ್ನ ತಂಗಿ ಮನೆ."

"ತಂಗಿ ಮನೆ ಅಂತಲೇ ಕಣ್ಣಿಗೆ ಬಿತ್ತು ಸರ್. ಬೇರೆಯವರ ಮನೆ ಆಗಿದ್ರೆ ನಾನು ನೋಡ್ತಾನೇ ಇರ್ಲಿಲ್ಲ."

ಅವರು ಅವಳ ನಕ್ಷೆಯನ್ನು ಹತ್ತಿರಕ್ಕೆ ಎಳೆದು ನೋಡಿದರು. ಕೊನೆಗೆ ಕಾರ್ಖಾನೆಗೆ ಫೋನ್ ಮಾಡಿ ಪಟ್ಟಿ ತರಿಸಿದರು.

ಅರವತ್ತೆರಡು ಮನೆ. ಅವಳೇ ಒಂದೊಂದರ ಕದ ತಟ್ಟಿದಳು. ಇಪ್ಪತ್ತಮೂರರಲ್ಲಿ ಸೀಸ ಸಿಕ್ಕಿತು. ಒಂದರಲ್ಲಿ ಅವಳಿ ಮಕ್ಕಳು ತೊಟ್ಟಿಲಲ್ಲಿದ್ದವು.

ತಂಗಿಯ ಕೂಸಿನ ರಕ್ತದಲ್ಲೂ ಸೀಸವಿತ್ತು. ಔಷಧಿ ಕೊಡುವಷ್ಟಿಲ್ಲ, ಆದರೆ ತಿಂಗಳು ತಿಂಗಳು ನೋಡುತ್ತಿರಬೇಕು ಎಂದರು ವೈದ್ಯರು. ಮುಂದೆ ಏನಾದೀತೆಂದು ಅವರೂ ಹೇಳಲಿಲ್ಲ.

ಆ ಸಂಜೆ ತಂಗಿಯ ಗಂಡ ನಲ್ಲಿಯ ಕೆಳಗೆ ಮೊಣಕೈವರೆಗೂ ಸೋಪು ಹಚ್ಚಿ ಮೂರನೇ ಸಲ ತೊಳೆಯುತ್ತಿದ್ದ. ಕೂಸು ತಾಯಿಯ ಕಂಕುಳಿಂದ ಅವನತ್ತ ಕೈಚಾಚಿತು.

"ಎತ್ಕೋಬಹುದಾ ಅತ್ತಿಗೆ?" ಎಂದು ಕೇಳಿದ.

"ಎತ್ಕೋ," ಎಂದಳು ಅವಳು. ಆದರೂ ಅವನು ಕೈ ಮುಂದೆ ಮಾಡಲಿಲ್ಲ.