ಹದಿನೆಂಟು ಲಕ್ಷಕ್ಕೇ ಮುರಿದ ಸರಳು

ಮೂರನೆಯ ಸರಳೂ ಕೈಕೊಟ್ಟಿತು. ಸವೆದ ಸೊಂಟದ ಕೀಲಿಗೆ ಬದಲಾಗಿ ತೊಡೆಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸರಳು ಅದು. ಯಂತ್ರ ಐವತ್ತು ಲಕ್ಷ ಸಲ ಒತ್ತಬೇಕು, ಸರಳು ಜಪ್ಪಯ್ಯ ಅಂದರೂ ಮುರಿಯಬಾರದು. ಇದು ನೋಡಿದರೆ ಹದಿನೆಂಟು ಲಕ್ಷಕ್ಕೇ ಕುತ್ತಿಗೆಯ ಹತ್ತಿರ ಎರಡು ತುಂಡು.

ಪರೀಕ್ಷೆ ಮಾಡುವವಳಿಗೆ ಮೈಯೆಲ್ಲ ಉರಿದುಹೋಯಿತು. ಇದನ್ನು ಕಾಯಿಸಿ ಬಡಿದು ಕಳಿಸುವ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವಳ ಮಾವನೇ. ಮೊದಲೆರಡು ಮುರಿದಾಗ 'ಕಾವು ಜಾಸ್ತಿಯಾಗಿ ಲೋಹದಲ್ಲೇ ದೋಷ' ಎಂದು ವರದಿ ಬರೆದವಳು ಅವಳೇ. ಮೂರನೆಯದೂ ಮುರಿದರೆ ಮೇಸ್ತ್ರಿಯನ್ನು ಮನೆಗೆ ಕಳಿಸುವುದಾಗಿ ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಬೆಳಿಗ್ಗೆ ಮನೆಯಲ್ಲಿ ಮಾವ ಮೆಲ್ಲಗೆ ಕೇಳಿದ್ದರು: "ಸರಳು ಇನ್ನೂ ಮುರಿಯದೆ ನಿಂತಿದೆಯೇನಮ್ಮ?"

"ಅದನ್ನ ನಿಮ್ಮ ಕುಲುಮೆನೇ ಕೇಳಿ ಮಾವ," ಎಂದು ಮುಖಕ್ಕೆ ಹೊಡೆದ ಹಾಗೆ ಅಂದು ಬಂದಿದ್ದಳು.

ಈಗಲೂ ಅದೇ ಸಿಟ್ಟು. ಮ್ಯಾನೇಜರಿಗೆ ಫೋನ್ ಮಾಡಿ, "ಇದೂ ಹೋಯ್ತು ಸರ್," ಎಂದು ಕುಕ್ಕಿ ಇಟ್ಟಳು. ಆಮೇಲೆ, ಮಾಡಬೇಕಲ್ಲ ಎಂದು, ತುಂಡನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದಳು.

ಬಿರುಕಿನ ಗೆರೆಗಳೆಲ್ಲ ಒಂದೇ ಜಾಗದಿಂದ ಹರಡಿದ್ದವು. ಅದು ಲೋಹದ ಒಳಗಿರಲಿಲ್ಲ, ಮೇಲ್ಮೈಯಲ್ಲಿತ್ತು. ಅವಳೇ ಕೆತ್ತಿದ್ದ '3' ಎಂಬ ಅಂಕಿಯ ಬುಡದಲ್ಲಿ.

ನಂಬರನ್ನು ಶಾಯಿಯಲ್ಲಿ ಬರೆಯಬೇಕೆಂಬುದು ನಿಯಮ. ಪರೀಕ್ಷೆಯ ಉಪ್ಪುನೀರಿನಲ್ಲಿ ಪ್ರತಿ ಸಲ ಶಾಯಿ ಅಳಿಸಿಹೋಗಿ ತಲೆ ಕೆಟ್ಟು, ಈ ಮೂರು ಸರಳುಗಳಿಗೂ ಅವಳು ಚೂಪಾದ ಮೊನೆಯಿಂದ ಕೊರೆದಿದ್ದಳು. ಆಗ ಸೂಕ್ಷ್ಮದರ್ಶಕಕ್ಕೆ ಹಿಡಿಯದೆಯೇ ವರದಿ ಬರೆದಿದ್ದ ಹಳೆಯ ಎರಡು ತುಂಡುಗಳನ್ನು ಈಗ ಹುಡುಕಿ ತೆಗೆದು ನೋಡಿದಳು. ಒಂದು '1'ರಲ್ಲಿ ಸೀಳಿತ್ತು, ಇನ್ನೊಂದು '2'ರಲ್ಲಿ. ಥೂ, ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ತನಗೆ?

ಏದುಸಿರು ಬಿಡುತ್ತ ಕುಲುಮೆಯ ಕಡೆಗೆ ಓಡಿದಳು. ಮಾವ ಕೈಗವಸು ಕಳಚಿ ಪೆಟ್ಟಿಗೆಯೊಳಗೆ ಇಡುತ್ತಿದ್ದರು.

"ಮಾವ, ತಪ್ಪು ನಿಮ್ಮದಲ್ಲ. ನಾನು ನಂಬರ್ ಕೊರೆದಿದ್ದಕ್ಕೇ ಮುರಿದಿರೋದು."

ಮಾವ ಪೆಟ್ಟಿಗೆಯ ಮುಚ್ಚಳ ಹಾಕಿದರು.

"ಈಗತಾನೇ ಮ್ಯಾನೇಜರಿಗೆ ಸೈನ್ ಹಾಕಿ ಕೊಟ್ಟು ಬಂದೆನಲ್ಲಮ್ಮ. ಕಾವು ಜಾಸ್ತಿ ಕೊಟ್ಟಿದ್ದು ನಾನೇ ಅಂತ."

"ಕೊಟ್ಟಿದ್ರಾ?"

"ಇಲ್ಲಮ್ಮ, ನನಗೆ ನೆನಪಿರೋ ಹಾಗೆ ಇಲ್ಲ. ಆದರೆ ಬರೆದಿರೋಳು ನೀನಲ್ವಾ? ನೀನು ಸರಿಯಾಗಿ ನೋಡದೆ ಬರೆಯೋಳಲ್ಲ ಅಂದ್ಕೊಂಡೆ."