ಎತ್ತಿದ ಕೈ

"ಹೌದು ಅನ್ನು, ಇಲ್ಲವಾದರೆ ಇಲ್ಲ ಅನ್ನು. ಎರಡರಲ್ಲಿ ಒಂದು ಬೊಗಳು, ಮುದಿ ಹಂದಿ!"

ನ್ಯಾಯಾಧೀಶ ಮೇಜು ಗುದ್ದಿದ. ಸಾಕ್ಷಿ ಹೇಳಲು ಬರಿಗಾಲಲ್ಲಿ ನಿಂತಿದ್ದ ನೂಲವ್ವನಿಗೆ ಅವನ ಇಂಗ್ಲಿಷು ತಿಳಿಯಲಿಲ್ಲ, ಬೈಗುಳ ತಿಳಿಯಿತು. ಬೈಗುಳಕ್ಕೆ ದುಭಾಷಿ ಬೇಡ. ಸಂಕೋಲೆಯಲ್ಲಿ ನಿಂತಿದ್ದವನು ಅವಳ ಒಬ್ಬನೇ ಮಗ ಫೆಲಿಂ. ನಾನು ತೈಗ್, ಅವನ ಜೊತೆಯ ಹೊರೆಯಾಳು. ಡಬ್ಲಿನ್ನಿನ ದೊಡ್ಡವರನ್ನು ಪಲ್ಲಕ್ಕಿಯಲ್ಲಿ ಹೊರುವುದು ನಮ್ಮ ಹೊಟ್ಟೆಪಾಡು. ಮುಂದೆ ಅವನು, ಹಿಂದೆ ನಾನು.

ದುಭಾಷಿ ನಮ್ಮ ಮಾತಿನಲ್ಲಿ ಕೇಳಿದ: "ನಿನ್ ಮಗ ಥ್ರಾಪ್ ಸಾಹೇಬ್ರ ಮೇಲೆ ಕೈ ಎತ್ತಿದ್ನಾ?"

ನಮ್ಮ ಐರಿಷ್ ಮಾತಿನಲ್ಲಿ ಹೌದು ಎಂಬ ಪದವಿಲ್ಲ. ಬರಿದೇ ಇಲ್ಲ ಎನ್ನುವುದಕ್ಕೂ ಪದವಿಲ್ಲ. ಉಂಡೆಯಾ ಎಂದರೆ ಉಂಡೆ, ಮಲಗಿದನೇ ಎಂದರೆ ಮಲಗಿದ. ನಡೆದದ್ದನ್ನೇ ಬಾಯಿ ತುಂಬ ಹೇಳಬೇಕು.

"ಎತ್ತಿದ," ಎಂದಳು ನೂಲವ್ವ. "ಮೊಕಕ್ಕೆ ಅಡ್ಡ ಎತ್ತಿದ. ಬೆತ್ತ ಕಣ್ಣಿಗೇ ಬೀಳ್ತಿತ್ತು, ಇನ್ನೇನ್ ಮಾಡಾನು..."

"ಹೌದಂತೆ ಸ್ವಾಮಿ," ಎಂದ ದುಭಾಷಿ.

"ಪೂರ್ತಿ ಹೇಳ್ಲಾ ಸೂಳೆಮಗನೆ!" ಎಂದು ನಾನು ಹಿಂದಿನಿಂದ ಕಿರುಚಿದೆ. ಪೇದೆಯ ದೊಣ್ಣೆ ನನ್ನ ಬಾಯಿಗೇ ಬಿತ್ತು. ರಕ್ತ ಉಗುಳಿ ತಲೆ ಎತ್ತುವಷ್ಟರಲ್ಲಿ ತೀರ್ಪು ಮುಗಿದಿತ್ತು.

"ಯೇನಂದ್ರು ತೈಗಾ?"

"ಶನಿವಾರ ನೇಣಂತೆ ಕಣವ್ವ."

"ಯಾರ್ ಮಾತ್ ಕೇಳಿ?"

"ನಿನ್ ಮಾತೇ ಕಣವ್ವ," ಎಂದೆ.

ನಡೆದದ್ದು ಇಷ್ಟೇ. ನ್ಯಾಯಾಧೀಶನ ಭಾವ ಥ್ರಾಪ್ ಪಾರ್ಲಿಮೆಂಟಿನ ಸದಸ್ಯ. ಊಟ ಮುಗಿಸಿ ಹೊರಟರೆ ಎಮ್ಮೆಯಷ್ಟು ತೂಕ. ಅವತ್ತು ಸಭೆಯ ಬಾಗಿಲ ಹತ್ತಿರ ಕೆಸರಿನಲ್ಲಿ ಫೆಲಿಂನ ಕಾಲು ಜಾರಿತು. ಪಲ್ಲಕ್ಕಿ ವಾಲಿ ಥ್ರಾಪನ ಬಿಳಿ ಕೂದಲ ಟೋಪನ್ ಚರಂಡಿಗೆ ಬಿತ್ತು. ನಮಗೆ ಬೇಯಿಸಿದ ಆಲೂಗಡ್ಡೆ ತಂದಿದ್ದ ನೂಲವ್ವ ಅಲ್ಲೇ ನಿಂತಿದ್ದಳು. ಥ್ರಾಪ್ ಇಳಿದವನೇ ಬೆತ್ತದಿಂದ ಬಾರಿಸತೊಡಗಿದ. ತಲೆ, ಕಿವಿ, ಮೂಗು. ಫೆಲಿಂ ಮುಖಕ್ಕೆ ಅಡ್ಡ ತೋಳು ಹಿಡಿದ. ತೋಳಿನ ಮೇಲೆ ಬೆತ್ತ ಮುರಿಯಿತು. ಅದೇ ಅಪರಾಧ.

ಸಭೆಗೆ ಹೋಗುವ ಸದಸ್ಯನ ಮೇಲೆ ಕೈ ಎತ್ತಿದರೆ ನೇಣು ಎಂಬ ಕಾಯಿದೆ ಅದೇ ಸಭೆಯಲ್ಲಿ ಆಗಿತ್ತು. ಆ ಕಾಯಿದೆಗೆ 'ಹೌದು' ಎನ್ನಲು ಥ್ರಾಪನನ್ನು ಹೊತ್ತುಕೊಂಡು ಹೋದವರೂ ನಾವೇ. ನಾವು ಕೆಥೊಲಿಕರು, ಸಭೆ ಪ್ರಾಟೆಸ್ಟೆಂಟರದು. ನಮಗೆ ಅಲ್ಲಿ ಕೂರುವ ಹಕ್ಕಿಲ್ಲ, ಕೂರುವವನನ್ನು ಆರಿಸುವ ಹಕ್ಕೂ ಇಲ್ಲ. ಹೊರುವ ಹಕ್ಕು ಮಾತ್ರ ಧಾರಾಳವಾಗಿತ್ತು.

ಗುರುವಾರ ಮಧ್ಯಾಹ್ನ ಊರು ಎದ್ದಿತು. ಪಾರ್ಲಿಮೆಂಟನ್ನು ಮುಚ್ಚಿ ಲಂಡನ್ನಿನದರ ಜೊತೆ ಸೇರಿಸಿಬಿಡುತ್ತಾರೆ ಎಂಬ ಸುದ್ದಿ. ನೇಕಾರರ ಕೇರಿಯಿಂದ ದೊಣ್ಣೆ ಹಿಡಿದ ಜನ ನುಗ್ಗಿದರು. ಗಾಡಿಗಳನ್ನು ಮಗುಚಿದರು, ಸಿಕ್ಕ ಸದಸ್ಯನ ಅಂಗಿ ಹರಿದು 'ಮಾರುವುದಿಲ್ಲ' ಎಂದು ಆಣೆ ಮಾಡಿಸಿದರು.

"ಯೇನಂತ ಬಡ್ಕತಾವ್ರೆ ತೈಗಾ?"

"ಈ ಸಭೇನ ಲಂಡನ್ನೋರ್ಗೆ ಮಾರ್ತಾರಂತೆ ಕಣವ್ವ."

"ಮಾರ್ಕಳ್ಳಿ. ಸುಟ್ಕಳ್ಳಿ. ನನ್ ಮಗ ಬಂದ್ರೆ ಸಾಕು." ಅವಳು ಹೆಗಲ ಶಾಲು ಬಿಗಿದಳು. "ಆ ಥ್ರಾಪ್ ಒಳಗವ್ನಾ?"

"ಅವ್ನೆ."

"ನಡಿ ಹಂಗಾರೆ."

ನಾನು ಪಲ್ಲಕ್ಕಿಯಿಂದ ಒಂದು ದಂಡ ಎಳೆದುಕೊಂಡೆ. ಆಳುದ್ದಕ್ಕೂ ಮಿಗಿಲು, ತುದಿಗೆ ಕಬ್ಬಿಣದ ಕಟ್ಟು. ಜನರ ಜೊತೆ ನುಗ್ಗಿದೆವು. ಒಳಗೆ ಕಾಗದ, ಕನ್ನಡಿ, ಕೂದಲ ಟೋಪನ್‌ಗಳು ಕಾಲಡಿ ಪುಡಿಯಾಗಿದ್ದವು. ಕುಡಿದ ನೇಕಾರರು ತಮಾಷೆಗೆ ನೂಲವ್ವನನ್ನು ಎತ್ತಿ ಸಭಾಪತಿಯ ಕುರ್ಚಿಯಲ್ಲಿ ಕೂರಿಸಿದರು, ಬಾಯಿಗೆ ಹೊಗೆಸೊಪ್ಪಿನ ಕೊಳವೆ ಇಟ್ಟರು. "ಸಭಾಪತಿಯಮ್ಮ, ಅಪ್ಪಣೆಯಾಗ್ಲಿ!" ಎಂದು ನಕ್ಕರು. ಅವಳು ನಗಲಿಲ್ಲ.

ಬೆಂಚಿನಡಿ ಅಡಗಿದ್ದ ಥ್ರಾಪನನ್ನು ಕಾಲು ಹಿಡಿದು ಎಳೆದರು.

"ಆಣೆ ಮಾಡೋ ಬೋಳಿಮಗನೆ! ಮಾರಲ್ಲ ತಾನೆ?"

"ಹೌದು ಹೌದು. ಆಣೆಗೂ ಮಾರುವುದಿಲ್ಲ."

ಜಯಕಾರ ಕೂಗಿದರು. ಒಬ್ಬ ಅವನ ಕೋಟಿನ ಧೂಳನ್ನೂ ಕೊಡವಿದ! ಥ್ರಾಪ್ ಬಾಗಿಲ ಕಡೆ ಹೊರಟ. ನಾನು ದಂಡ ಅಡ್ಡ ಹಿಡಿದೆ.

ನೂಲವ್ವ ಕುರ್ಚಿಯಿಂದಲೇ ಕೇಳಿದಳು, ನಾನು ಇಂಗ್ಲಿಷಿನಲ್ಲಿ ಹೇಳಿದೆ: "ನನ್ ಮಗ ನಿಂಗ್ ಹೊಡೆದ್ನಾ?"

"ಇಲ್ಲ, ಇಲ್ಲ. ಬಿಡು ದಾರಿ."

"ಆ ಮಾತ್ ನಂಗೊತ್ತಿಲ್ಲ. ಹೊಡೀಲಿಲ್ಲ ಅನ್ಲಿ. ನಮ್ ಮಾತ್ನಾಗೆ ಅನ್ಲಿ. ಜೈಲ್ಗೆ ಬಂದು ಅಲ್ಲೂ ಅನ್ಲಿ."

ಥ್ರಾಪ್ ನನ್ನ ಮುಖ ನೋಡಿದ. ಆಣೆ ಮಾಡಿದ ಮೇಲೆ ನೇಕಾರರು ತನ್ನ ಕಡೆ ಎಂಬ ಧೈರ್ಯ ಅವನಿಗೆ. "ಆ ನಾಯಿಭಾಷೆ ನನ್ನ ಬಾಯಿಗೆ ಬೇಡ. ಶನಿವಾರ ಬಂದು ಹೆಣ ತಗೊಂಡು ಹೋಗು ಅಂತ ಹೇಳು ಇವಳಿಗೆ."

ನಾನು ಹೇಳಿದೆ, ಒಂದಕ್ಷರ ಬಿಡದೆ.

ಅವಳು ಕೊಳವೆ ಉಗುಳಿ ಇಳಿದಳು. ನನ್ನ ಕೈಯಿಂದ ದಂಡ ಕಿತ್ತುಕೊಂಡಳು. ಮೊದಲ ಏಟಿಗೆ ಥ್ರಾಪನ ಮೊಣಕಾಲು ಲಟಕ್ಕೆಂದಿತು. ಎರಡನೆಯದು ಬಾಯಿಗೆ. ಮೂರನೆಯದಕ್ಕೆ ಅವನು ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದ.

ಅವಳು ದಂಡ ತಡೆದಳು. ಸಭೆಯ ಕಡೆ ತಿರುಗಿದಳು.

"ನೋಡಿದ್ರಾ? ಕೈ ಎತ್ತಿದ್ನೋ?"

"ಎತ್ತಿದ!" ನಮ್ಮ ಹೊರೆಯಾಳುಗಳು ಬಾಗಿಲಿಂದ ಕೂಗಿದರು. "ಎತ್ತಿದ ಕಣವ್ವ!"

"ನೇಣಾಕ್ರಿ ಹಂಗಾರೆ!" ಎಂದು ಅವಳು ಮತ್ತೆ ಹೊಡೆದಳು. ತೋಳಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷವಾಯಿತು. ನೇಕಾರರ ಮುಖಂಡ ಓಡಿಬಂದ. "ಬಿಡ್ರೋ, ಆಣೆ ಮಾಡವ್ನೆ, ಸಾಕು! ಇದು ನಮ್ ಜಗಳ ಅಲ್ಲ!"

"ನಂದೇ ಜಗಳ," ಎಂದೆ. ಅವನ ಎದೆಗೆ ಒದ್ದೆ.

ಥ್ರಾಪ್ ನೆಲದಲ್ಲಿ ಹಲ್ಲು ಉಗುಳುತ್ತಿದ್ದ. ಅವನ ತಲೆ ಹಿಡಿದು ನಮ್ಮ ಮಾತನ್ನು ಅಕ್ಷರ ಅಕ್ಷರವಾಗಿ ಹೇಳಿಕೊಟ್ಟೆ. ರಕ್ತದ ಗುಳ್ಳೆಯ ನಡುವೆ ತೊದಲಿದ: "ಹೊ... ಹೊಡೀಲಿಲ್ಲ."

"ಇನ್ನೊಂದ್ ಸಲ."

"ಹೊಡೀಲಿಲ್ಲ."

ನೂಲವ್ವನ ಕಣ್ಣಲ್ಲಿ ಆಗ ನೀರು ಬಂತು. "ಎಬ್ಬಿಸ್ಲಾ ಅವನ್ನ. ಜೈಲ್ಗೆ ಹೊತ್ಕೊಂಡ್ ಹೋಗಾನ."

ಅಷ್ಟರಲ್ಲಿ ಕಲ್ಲುಹಾಸಿನ ಮೇಲೆ ಕುದುರೆಗಳ ಸದ್ದು. ಹೊರಗೆ ಒಂದು ಚೀತ್ಕಾರ, ಮತ್ತೊಂದು. ನೇಕಾರರು ಕಿಟಕಿ ಹಾರಿದರು. ಕುದುರೆ ಸವಾರರು ನಮ್ಮ ಹೊರೆಯಾಳುಗಳನ್ನು ಮೆಟ್ಟಿಲ ಮೇಲೆಯೇ ಕಡಿದರು. ದಳಪತಿ ಕತ್ತಿ ಹಿರಿದು ಬಾಗಿಲಲ್ಲಿ ನಿಂತ, ಹಿಂದೆ ನಾಲ್ಕಾರು ಸಿಪಾಯಿಗಳು.

"ಈಗ್ ಹೇಳು!" ನೂಲವ್ವ ಥ್ರಾಪನನ್ನು ಅಲುಗಿಸಿದಳು. "ಅವ್ರ ಮುಂದೆ ಹೇಳು, ಹೊಡೀಲಿಲ್ಲ ಅನ್ನು!"

ಥ್ರಾಪ್ ನೆಟ್ಟಗಿದ್ದ ಕೈಯಿಂದ ನಮ್ಮನ್ನು ತೋರಿಸಿದ. ರಕ್ತ ಉಗುಳಿ ಇಂಗ್ಲಿಷಿನಲ್ಲಿ ಹೇಳಿದ: "ಇವರನ್ನು ಕೊಲ್ಲಿ. ಇವಳ ಮಗನನ್ನು ಇವತ್ತೇ ತೂಗುಹಾಕಿ."

"ಯೇನಂದ?"

ನಾನು ಹೇಳಿದೆ.

ಅವಳು ಅಳಲಿಲ್ಲ, ಶಪಿಸಲೂ ಇಲ್ಲ. ದಂಡದ ಮುಂಭಾಗವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಹಿಂದ್ಗಡೆ ಹಿಡ್ಕಳ್ಲಾ ತೈಗಾ."

ಹಿಡಿದೆ. ಅವಳ ಬರಿಗಾಲು ರಕ್ತದಲ್ಲಿ ಜಾರಿತು. ನಾನು ದಂಡ ಒತ್ತಿ ಅವಳನ್ನು ನಿಲ್ಲಿಸಿದೆ. ದಳಪತಿ ಕತ್ತಿ ಎತ್ತಿದ. ನಾವು ಹೆಜ್ಜೆ ಕೂಡಿಸಿ, ಕಬ್ಬಿಣದ ತುದಿಯನ್ನು ಅವನ ಎದೆಗೆ ನೇರ ಹಿಡಿದು ಓಡಿದೆವು.