ತನಗೆ ಗೊತ್ತಿಲ್ಲದ್ದನ್ನೇ ಕೇಳುತ್ತಿದ್ದವಳು

ಅವಳು ನಡೆಯುವುದನ್ನು ಮೊದಲ ಸಲ ಕಂಡವರೆಲ್ಲ, ಈ ಹೆಂಗಸು ದಾರಿಯಲ್ಲಿ ಏನನ್ನೋ ಕಳೆದುಕೊಂಡಿದ್ದಾಳೆ ಎಂದೇ ತಿಳಿಯುತ್ತಿದ್ದರು. ತಲೆ ತಗ್ಗಿಸಿ, ದೃಷ್ಟಿಯನ್ನು ಎರಡು ಮಾರು ಮುಂದಿನ ನೆಲಕ್ಕೆ ನೆಟ್ಟು, ಬೂದು ಬಣ್ಣದ ಸ್ವೆಟರಿನ ಜೇಬುಗಳಲ್ಲಿ ಎರಡೂ ಕೈಗಳನ್ನು ಹುದುಗಿಸಿಕೊಂಡು, ವಿಶ್ವವಿದ್ಯಾಲಯದ ಹೆಬ್ಬಾಗಿಲಿನಿಂದ ತನ್ನ ಕೋಣೆಯವರೆಗಿನ ಅರ್ಧ ಮೈಲಿಯನ್ನು ಅವಳು ಇಪ್ಪತ್ತೆರಡು ವರ್ಷ ಹೀಗೆಯೇ ನಡೆದಳು. ಹುಡುಗರು ಅವಳಿಗೆ ‘ಓಲೆ ಮೇಡಂ’ ಎಂದು ಹೆಸರಿಟ್ಟಿದ್ದರು; ಎಂದೋ ಬಿದ್ದುಹೋದ ಕಿವಿಯೋಲೆಯನ್ನು ಇನ್ನೂ ಹುಡುಕುತ್ತಿದ್ದಾಳೆ ಎಂಬುದು ಅವರು ಕಟ್ಟಿದ ಕತೆ. ಅಧ್ಯಾಪಕರಲ್ಲಿ ಕೆಲವರು ಅದನ್ನು ಜಂಬವೆಂದರು, ಇನ್ನು ಕೆಲವರು ಕತ್ತುನೋವೆಂದರು. ಅವಳು ವಿದ್ಯಾರ್ಥಿಗಳ ಆಪ್ತಸಮಾಲೋಚಕಿ. ಮನಸ್ಸಿನ ಭಾರ ಹೊತ್ತು ಬಂದವರ ಮಾತು ಕೇಳುವುದೇ ಅವಳ ಉದ್ಯೋಗ.

ನಾನು ಅಲ್ಲಿನ ಗ್ರಂಥಾಲಯದವಳು. ಸ್ನೇಹ ಬಲಿತ ಮೇಲೆ ಒಂದು ದಿನ ಕೇಳಿಯೇಬಿಟ್ಟೆ: “ಅಲ್ವೇ, ಎದುರಿಗೆ ಬಂದವರ ಮುಖ ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ನನ್ನದೇನೂ ಹೋಗಲ್ಲ. ನಿನ್ನೆ ನನ್ನ ಕೋಣೇಲಿ ಅತ್ತು ಹೋದ ಹುಡುಗ ಇವತ್ತು ಅಲ್ಲಿ ಗೆಳೆಯರ ಜೊತೆ ನಿಂತಿರ್ತಾನೆ. ನಾನು ತಲೆ ಎತ್ತಿದ್ರೆ ಅವನು ನಗಬೇಕಾ ಬೇಡವಾ ಅಂತ ಯೋಚಿಸಬೇಕು. ಪಕ್ಕದವನು ‘ಅವರು ನಿನಗೆ ಹೇಗೋ ಗೊತ್ತು?’ ಅಂತಾನೆ. ಅವನಾಗಿ ಮಾತಾಡಿಸಿದ್ರೆ ಮಾತಾಡ್ತೀನಿ. ಇಲ್ಲಾಂದ್ರೆ ನನಗೆ ನೆಲವೇ ಸಾಕು.”

ಅವಳ ಕೋಣೆ ಹಿಂದೆ ಖಾಲಿ ಉತ್ತರಪತ್ರಿಕೆಗಳ ಉಗ್ರಾಣವಾಗಿತ್ತು. ಎಷ್ಟು ಗುಡಿಸಿದರೂ ಅಲ್ಲಿ ಅಂಟಿನ ಮತ್ತು ಹಳೆಯ ಕಾಗದದ ವಾಸನೆ ಹೋಗಲಿಲ್ಲ. ಕಚೇರಿಯವರು ಕೊಟ್ಟ ಎರಡು ಕುರ್ಚಿಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ. ಎತ್ತರದ್ದು ತನ್ನದೆಂದು ತಿಳಿದ ಕೂಡಲೇ ಅವಳು ಬಡಗಿಯನ್ನು ಕರೆಸಿ ಅದರ ಕಾಲುಗಳನ್ನು ಎರಡು ಅಂಗುಲ ಕೊಯ್ಯಿಸಿದಳು. ಸರ್ಕಾರಿ ಪೀಠೋಪಕರಣಕ್ಕೆ ಹಾನಿ ಮಾಡಿದ್ದಕ್ಕೆ ಕಾರಣ ಕೇಳಿ ನೋಟಿಸು ಬಂತು. “ಸದರಿ ಕುರ್ಚಿಗೆ ಅಹಂಕಾರ ಜಾಸ್ತಿಯಾಗಿತ್ತು” ಎಂದು ಉತ್ತರ ಬರೆದು, ನನಗೆ ಓದಿ ಹೇಳಿ, ಆಮೇಲೆ ಹರಿದುಹಾಕಿ ಬೇರೆ ಬರೆದಳು. ಗಡಿಯಾರವನ್ನು ವಿದ್ಯಾರ್ಥಿಯ ಬೆನ್ನ ಹಿಂದಿನ ಗೋಡೆಗೆ ತೂಗುಹಾಕಿದ್ದಳು, ತಾನು ಮಣಿಕಟ್ಟು ನೋಡಿಕೊಳ್ಳುವ ಪ್ರಸಂಗ ಬಾರದಿರಲೆಂದು. ಯಾರಾದರೂ ಅತ್ತರೆ ಕರವಸ್ತ್ರ ಚಾಚುತ್ತಿರಲಿಲ್ಲ. ಕೊಟ್ಟರೆ ಇನ್ನು ಸಾಕು ಮಾಡು ಎಂದ ಹಾಗಾಗುತ್ತದೆ ಎಂಬುದು ಅವಳ ಎಣಿಕೆ.

ನಮ್ಮ ಪರಿಚಯವಾದದ್ದು ವಿಚಿತ್ರವಾಗಿ. ಗ್ರಂಥಾಲಯಕ್ಕೆ ಆಗೀಗ ಕೆಲವು ಹುಡುಗರು ಬಂದು, ಯಾವ ಪಠ್ಯಕ್ರಮದಲ್ಲಿಯೂ ಇಲ್ಲದ ಪ್ರಶ್ನೆಗಳಿಗೆ ಪುಸ್ತಕ ಕೇಳುತ್ತಿದ್ದರು. ಜೇಡ ತನ್ನ ಬಲೆಗೇ ಯಾಕೆ ಅಂಟಿಕೊಳ್ಳುವುದಿಲ್ಲ? ನಮ್ಮ ಹಳೆಯ ಕಟ್ಟಡದ ಏಳನೆಯ ಮೆಟ್ಟಿಲು ಮಾತ್ರ ಯಾಕೆ ಅಷ್ಟು ಸವೆದಿದೆ? ಯಾರು ಕಳಿಸಿದರು ಎಂದರೆ ‘ಸುಮ್ಮನೆ ಮೇಡಂ’ ಎಂದು ಜಾರಿಕೊಳ್ಳುತ್ತಿದ್ದರು. ಕೊನೆಗೆ ಗುಟ್ಟು ಬಿಟ್ಟವಳು ಅವಳೇ. ತನ್ನ ಬಳಿ ಬಂದ ಪ್ರತಿಯೊಬ್ಬರಿಗೂ ಹೊರಡುವಾಗ ಅವಳು ಒಂದು ಪ್ರಶ್ನೆ ಕೊಡುತ್ತಿದ್ದಳು. ಅವರದೇ ಮಾತಿನ ನಡುವೆ ಸುಳಿದುಹೋದ ಯಾವುದೋ ಸಣ್ಣ ಸಂಗತಿಯನ್ನು ಹಿಡಿದು, ಅದೇನೆಂದು ನೋಡಿಕೊಂಡು ಬಾ ಎನ್ನುತ್ತಿದ್ದಳು. ಒಂದೇ ಕಟ್ಟುಪಾಡು: ಉತ್ತರ ಅವಳಿಗೂ ನಿಜವಾಗಿ ಗೊತ್ತಿರಬಾರದು. “ಗೊತ್ತಿರೋದನ್ನ ಕೇಳಿದ್ರೆ ಅದು ಪರೀಕ್ಷೆ ಕಣೇ. ಪಾಪ, ಅದು ಅವರಿಗೆ ಬೇಕಾದಷ್ಟಿದೆ.”

ಈ ಕುತೂಹಲ ಉದ್ಯೋಗಕ್ಕೆಂದು ತೊಟ್ಟ ವೇಷವಾಗಿರಲಿಲ್ಲ. ಅವಳು ತಮ್ಮನ ಸಂಸಾರದ ಜೊತೆಗಿದ್ದಳು, ಮೂರು ಕೋಣೆಯ ಬಾಡಿಗೆ ಮನೆಯಲ್ಲಿ. “ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂದ್ರೆ, ‘ನಿನಗೆ ಯಾವಾಗಿನಿಂದ ಹಾಗನಿಸ್ತಿದೆ?’ ಅಂತ ಕೇಳ್ತಾಳೆ ಇವಳು” ಎಂದು ತಮ್ಮ ಗೋಳಾಡುತ್ತಿದ್ದ. ತಮ್ಮನ ಹೆಂಡತಿಗೆ ಮಾತ್ರ ಅತ್ತಿಗೆಯೆಂದರೆ ಪ್ರಾಣ. “ಈ ಮನೇಲಿ ನಾನು ಏನಾದ್ರೂ ಹೇಳಿದ್ರೆ ‘ಆಮೇಲೆ?’ ಅನ್ನೋರು ಅವರೊಬ್ಬರೇ” ಎಂದು ಗಂಡನ ಎದುರಿಗೇ ಹೇಳುತ್ತಿದ್ದಳು.

ಆ ‘ಆಮೇಲೆ?’ಯ ಜೋರಿನಲ್ಲಿ ನಡೆದ ಬದುಕು ಒಮ್ಮೆ ಮುಗ್ಗರಿಸಿತು. ಅದನ್ನೂ ಬರೆಯದೆ ಹೋದರೆ ಅವಳ ಚಿತ್ರ ಬರೀ ಹೊಗಳಿಕೆಯಾಗುತ್ತದೆ. ನಾನು ಕಂಡದ್ದು ಅರ್ಧ; ಉಳಿದ ಅರ್ಧವನ್ನು ನನಗೆ ಹೇಳಿದವಳು ಅದನ್ನು ಅನುಭವಿಸಿದ ಒಬ್ಬ ಹುಡುಗಿಯೇ, ನನ್ನ ಗೆಳತಿ ತೀರಿಕೊಂಡ ಮೇಲೆ, ಬರೆಯಿರಿ ಎಂದು.

ಹುಡುಗಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷದವಳು, ಜಡೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುವವಳು. ಆ ವರ್ಷ ಅವಳಿಗೆ ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ, ಬೆಳಗ್ಗೆ ಹನ್ನೊಂದಾದರೂ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಪ್ರತಿ ಮಂಗಳವಾರ ಕೋಣೆಗೆ ಬರುತ್ತಿದ್ದಳು. ಒಂದು ಸಲ ಮಾತಿನ ನಡುವೆ, ಹಾಸ್ಟೆಲಿನ ಕಿಟಕಿಯಿಂದ ಎದುರು ಮನೆಯ ಮಹಡಿಯ ಮೇಲೆ ಒಂದು ಸೈಕಲ್ ಕಾಣುತ್ತದೆ ಎಂದಳು.

“ಸೈಕಲ್ಲಾ? ಮಹಡಿ ಮೇಲೆ?” ನನ್ನ ಗೆಳತಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳಂತೆ. “ಅಲ್ಲಿ ಯಾರಮ್ಮ ತುಳೀತಾರೆ ಅದನ್ನ?”

“ಗೊತ್ತಿಲ್ಲ ಮೇಡಂ.”

“ನೋಡಿಕೊಂಡು ಬಾ. ನನಗೆ ಇನ್ನು ಇದೇ ಯೋಚನೆ, ಒಂದು ವಾರ.”

ಹುಡುಗಿ ಹಗಲೆಲ್ಲ ನೋಡಿದರೂ ಸೈಕಲ್ಲು ಅಲ್ಲಾಡಲಿಲ್ಲ. ಹಾಗಾದರೆ ಬೆಳಗ್ಗೆಯೇ ಇರಬೇಕೆಂದು ಅಲಾರಂ ಇಟ್ಟು ಆರಕ್ಕೆ ಎದ್ದಳು. ಎದ್ದು ಕಂಡಳು. ಮತ್ತೆ ನಾಲ್ಕು ದಿನ, ಕಂಡದ್ದು ನಿಜವೇ ಎಂದು ನೋಡಲು, ಎದ್ದಳು. ಮಂಗಳವಾರ ಬಂದಾಗ ಅವಳ ನಾಲಿಗೆಯ ತುದಿಯಲ್ಲಿ ಆ ಸುದ್ದಿ ಇತ್ತು. ಕೂತಳು. ನನ್ನ ಗೆಳತಿ ಎಂದಿನ ಹುಮ್ಮಸ್ಸಿನಿಂದಲೇ ಕೇಳಿದಳು: “ಏನಾಯ್ತು? ಆ ನಾಯಿ ಯಾವ ಬಸ್ಸಿಗೆ ಕಾಯುತ್ತೆ ಅಂತ ಗೊತ್ತಾಯ್ತಾ?”

ಬಸ್ ನಿಲ್ದಾಣದ ನಾಯಿ ಬೇರೆ ಯಾರಿಗೋ ಕೊಟ್ಟ ಪ್ರಶ್ನೆ. ಪರೀಕ್ಷೆಯ ತಿಂಗಳು, ಒಂಬತ್ತು ಸಾವಿರ ವಿದ್ಯಾರ್ಥಿಗಳಿಗೆ ಅವಳೊಬ್ಬಳು, ಆ ದಿನ ಆ ಕುರ್ಚಿಯಲ್ಲಿ ಕೂತವರಲ್ಲಿ ಹುಡುಗಿ ಹನ್ನೊಂದನೆಯವಳು. ಹುಡುಗಿಗೆ ಇದೆಲ್ಲ ಹೇಗೆ ತಿಳಿಯಬೇಕು? ಒಂದು ಚೀಲದಲ್ಲಿ ಪ್ರಶ್ನೆಗಳಿವೆ, ಬಂದವರ ಕೈಗೆ ಒಂದೊಂದು ಹಾಕುತ್ತಾರೆ, ಅಷ್ಟೇ ಎನಿಸಿತು. “ಗೊತ್ತಾಗಲಿಲ್ಲ ಮೇಡಂ” ಎಂದು ಹೇಳಿ, ಹತ್ತು ನಿಮಿಷ ಕೂತು, ಎದ್ದುಹೋದಳು. ಮುಂದಿನ ಮಂಗಳವಾರ ಬರಲಿಲ್ಲ. ಅದರ ಮುಂದಿನದ್ದಕ್ಕೂ ಬರಲಿಲ್ಲ. ಗೆಳತಿ ತನ್ನ ಟಿಪ್ಪಣಿ ತಿರುವಿದಾಗ ಸೈಕಲ್ ಎಂಬ ಶಬ್ದ ಕಣ್ಣಿಗೆ ಬಿತ್ತು. ಫೋನ್ ಮಾಡಿದಳು. “ಚೆನ್ನಾಗಿದ್ದೀನಿ ಮೇಡಂ” ಎಂದು ಹೇಳಿ ಹುಡುಗಿ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ.

ಇದೊಂದೂ ನನಗೆ ಆಗ ತಿಳಿಯದು. ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ಸುಮ್ಮನೆ ಹರಟೆಗೆಂದು ಹೇಳಿದೆ: “ಈ ಕಾಲದ ಮಕ್ಕಳೇ ಅರ್ಥ ಆಗಲ್ಲ ಕಣೇ. ಸಂಖ್ಯಾಶಾಸ್ತ್ರದ ಒಬ್ಬಳು, ಜಡೇಲಿ ಪೆನ್ನಿಟ್ಕೊಂಡು ಓಡಾಡ್ತಾಳಲ್ಲ, ಪ್ರಬಂಧಕ್ಕೆ ಅಂತ ಕಾದು ಕಾದು ತಗೊಂಡ ಏಳು ಪುಸ್ತಕಾನೂ ಒಟ್ಟಿಗೆ ತಂದು ಕೊಟ್ಟಳು ಇವತ್ತು. ಇನ್ನೂ ಎರಡು ತಿಂಗಳಿದೆಯಲ್ಲಮ್ಮ ಅಂದ್ರೆ, ‘ಇನ್ನು ಬೇಡ’ ಅಂದಳು.”

ಅವಳು ಲೋಟವನ್ನು ಕೆಳಗಿಟ್ಟಳು. “ಇನ್ನೂ ಅಲ್ಲೇ ಇದ್ದಾಳಾ?”

“ಕೂತಿದ್ದಳಪ್ಪ, ಕಿಟಕಿ ಹತ್ರ. ಯಾಕೆ?”

ಅವಳು ಓಡಿದಳು. ಆ ಸ್ವೆಟರಿನ ಜೇಬಿನಿಂದ ಕೈ ಹೊರಬಂದು ಗಾಳಿಯಲ್ಲಿ ಬೀಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೊದಲು ತನ್ನ ಕೋಣೆಗೆ ನುಗ್ಗಿ ಒಂದು ಕಾಗದ ಹಿಡಿದುಕೊಂಡು, ಅಲ್ಲಿಂದ ಗ್ರಂಥಾಲಯಕ್ಕೆ. ನಾನು ಏದುಸಿರು ಬಿಡುತ್ತ ಬಂದು ನನ್ನ ಕೌಂಟರಿನ ಹಿಂದೆ ನಿಲ್ಲುವಷ್ಟರಲ್ಲಿ ಅವಳು ಓದುವ ಸಭಾಂಗಣದ ನಡುವೆ, ತಲೆ ಎತ್ತಿ, ನಲವತ್ತು ಜನರ ಎದುರಿಗೆ ಹುಡುಗಿಯ ಮೇಜಿನ ಬಳಿ ನಿಂತಿದ್ದಳು.

“ಅಮ್ಮಾ, ನೀನು ಸಂಖ್ಯಾಶಾಸ್ತ್ರದವಳಲ್ವಾ?” ಎಂದಳು, ಇಡೀ ಸಭಾಂಗಣಕ್ಕೆ ಕೇಳುವಂತೆ. “ಈ ಪಟ್ಟಿ ನನ್ನ ತಲೆಗೇ ಹತ್ತುತ್ತಿಲ್ಲ. ಸ್ವಲ್ಪ ಹೇಳಿಕೊಡ್ತೀಯಾ?”

ಯಾರೋ “ಶ್ಶ್” ಎಂದರು. ನಲವತ್ತು ತಲೆಗಳು ಎದ್ದು ನೋಡಿ, ಲೆಕ್ಕ ಬಾರದ ಓಲೆ ಮೇಡಂ ಒಬ್ಬ ಹುಡುಗಿಯ ಸಹಾಯ ಬೇಡುತ್ತಿದ್ದಾಳೆಂದು ಖಾತ್ರಿಯಾದ ಮೇಲೆ ಮತ್ತೆ ಬಾಗಿದವು. ಕಾಗದ ನಿಜವಾದದ್ದೇ: ವಾರ್ಷಿಕ ವರದಿಗಾಗಿ ಆಡಳಿತ ಕಚೇರಿ ಕಳಿಸಿದ ನಮೂನೆ. ‘ಗುಣಮುಖರಾದವರ ಶೇಕಡಾವಾರು’ ಎಂಬ ಅಂಕಣವನ್ನು ಹೇಗೆ ತುಂಬಬೇಕೆಂದು ಅವಳಿಗೆ ಸುತರಾಂ ತಿಳಿದಿರಲಿಲ್ಲ.

ಹುಡುಗಿ ಕಾಗದ ನೋಡಿದಳು. “ಇದನ್ನ ಹೀಗೆ ಲೆಕ್ಕ ಹಾಕೋಕಾಗಲ್ಲ ಮೇಡಂ. ಅಂಕಣವೇ ತಪ್ಪು.”

“ನನಗೂ ಹಾಗೇ ಅನಿಸ್ತು.” ಪಕ್ಕದ ಕುರ್ಚಿಯಲ್ಲಿ ಕೂತು ದನಿ ತಗ್ಗಿಸಿದಳು. “ನಾನೂ ತಪ್ಪು ಮಾಡಿದೆ. ನಿನ್ನದು ಸೈಕಲ್ಲು. ನಾನು ಇನ್ಯಾರದೋ ನಾಯಿ ಕೇಳಿದೆ.”

ಹುಡುಗಿ ಕಿಟಕಿಯ ಕಡೆ ತಿರುಗಿದಳು. “ನಾನು ಆರು ಗಂಟೆಗೆ ಎದ್ದಿದ್ದೆ ಮೇಡಂ. ಐದು ದಿನ” ಎಂದಳು.

ಅದಕ್ಕೆ ನನ್ನ ಗೆಳತಿ ಸಮಾಧಾನ ಹೇಳಲು ಹೋಗಲಿಲ್ಲವಂತೆ. ಕೇಳಿದ್ದು ಇಷ್ಟೇ: “ಯಾರು ತುಳೀತಾರೆ ಅದನ್ನ?”

“ಹೇಳಲ್ಲ.”

“ಸರಿ, ಹೇಳಬೇಡ. ಆದ್ರೆ ಹೇಳದೇ ಇರೋದಕ್ಕೂ ನೀನು ಇರಬೇಕು ಕಣಮ್ಮ.” ಮತ್ತೆ, ಹುಡುಗಿಯ ಮುಖವನ್ನೇ ನೋಡುತ್ತ, ಸುತ್ತಿಬಳಸದೆ ಕೇಳಿದಳು: “ಪುಸ್ತಕ ಎಲ್ಲ ವಾಪಸ್ ಕೊಟ್ಟೆಯಂತೆ. ಸಾಯಬೇಕು ಅನಿಸ್ತಿದೆಯಾ?”

ಹಾಗೆ ನೇರವಾಗಿ ಯಾರೂ ತನ್ನನ್ನು ಕೇಳಿರಲಿಲ್ಲ ಎಂದಳು ಹುಡುಗಿ ನನಗೆ. ಕೇಳಿದ್ದೇ ತಡ, ವಾರಗಳಿಂದ ಒಳಗೇ ಇದ್ದದ್ದು “ಹೂಂ” ಎಂದು ಹೊರಗೆ ಬಂತು. ಇಬ್ಬರೂ ಎದ್ದು ಹೊರಟರು. ಹುಡುಗಿಯ ಕೈಯಲ್ಲಿ ಆ ನಮೂನೆ ಇತ್ತು. ನೋಡಿದವರಿಗೆ ಶಿಷ್ಯೆಯಂತೆ ಕಂಡವಳು ಹಿಂದೆ ಹೋಗುತ್ತಿದ್ದ ನನ್ನ ಗೆಳತಿಯೇ. ಆ ಮಧ್ಯಾಹ್ನವೇ ಹುಡುಗಿಯಿಂದಲೇ ಅವಳ ಅಕ್ಕನಿಗೆ ಫೋನ್ ಮಾಡಿಸಿದಳು, ಮನೋವೈದ್ಯರ ಬಳಿ ತಾನೇ ಕರೆದೊಯ್ದಳು, ಅಕ್ಕ ಬರುವವರೆಗೆ ಹುಡುಗಿಯನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಲಿಲ್ಲ. ಹುಡುಗಿ ಔಷಧಿ ತೆಗೆದುಕೊಂಡು, ಒಂದು ಅವಧಿ ಅಕ್ಕನ ಮನೆಯಲ್ಲಿದ್ದು, ತಿರುಗಿ ಬಂದು ಪ್ರಬಂಧ ಮುಗಿಸಿದಳು. ಈಗ ಬೇರೆ ಊರಿನಲ್ಲಿ ಪಾಠ ಹೇಳುತ್ತಾಳೆ.

ಮಹಡಿಯ ಸಂಗತಿಯನ್ನು ಅವಳು ಒಪ್ಪಿಸಿದ್ದು ಆ ಅವಧಿ ಮುಗಿಸಿ ಬಂದ ಮೊದಲ ಮಂಗಳವಾರ: ಆ ಮನೆಯ ಯಜಮಾನರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು, ಅವರು ನಸುಕಿನಲ್ಲಿ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಬೀದಿಗೆ ಮುಖಮಾಡಿ, ಇದ್ದಲ್ಲೇ ಇಪ್ಪತ್ತು ನಿಮಿಷ ತುಳಿದು, ಇಳಿಯುವ ಮೊದಲು ಒಂದು ಸಲ ಗಂಟೆ ಬಾರಿಸುತ್ತಿದ್ದರು. “ಯಾರಿಗೆ ದಾರಿ ಬಿಡಿ ಅಂತ ಬಾರಿಸ್ತಾರೋ” ಎಂದು ಗೆಳತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳಂತೆ.

ಮರೆತದ್ದಕ್ಕೆ ಮಾತ್ರ ಅವಳು ತನ್ನನ್ನು ಸುಲಭಕ್ಕೆ ಬಿಡಲಿಲ್ಲ. ಅಂದಿನಿಂದ ದಿನಕ್ಕೆ ಆರೇ ಜನ ಎಂದು ಹಟ ಹಿಡಿದಳು; ಪ್ರಾಣಕ್ಕೆ ಬಂದ ತುರ್ತಿಗೆ ಮಾತ್ರ ವಿನಾಯಿತಿ. ಉಳಿದವರು ಹೊರಗೆ ಬೆಂಚಿನ ಮೇಲೆ ಕಾದರು. ಕುಲಸಚಿವರು ಕರೆಸಿ, “ಏನ್ ಮೇಡಂ ಇದು, ಕಾರಿಡಾರಿನ ತುಂಬ ಸಾಲು?” ಎಂದರು. “ಹೌದು ಸರ್. ಮೊದಲೂ ಇತ್ತು, ನನ್ನ ತಲೆಯೊಳಗೆ ಇತ್ತು. ಈಗ ನಿಮಗೂ ಕಾಣಿಸ್ತಿದೆ” ಎಂದಳು. ವರ್ಷ ತುಂಬುವುದರೊಳಗೆ ಇನ್ನಿಬ್ಬರ ನೇಮಕವಾಯಿತು.

ನಾಲ್ಕು ತಿಂಗಳ ಹಿಂದೆ ಅವಳು ಹೋದಳು. ಯಕೃತ್ತಿನ ಕಾಯಿಲೆ, ಗೊತ್ತಾದ ಮೇಲೆ ಏಳು ವಾರ. ಕೊನೆಯ ದಿನಗಳಲ್ಲಿಯೂ, ಹನಿ ಹನಿಯಾಗಿ ಇಳಿಯುವ ಔಷಧಿಯ ವೇಗವನ್ನು ಬೆರಳಿನಲ್ಲಿ ಹೇಗೆ ಅಂದಾಜು ಮಾಡುತ್ತೀರಿ ಎಂದು ದಾದಿಯನ್ನು ಕೇಳುತ್ತಿದ್ದಳು. ನನಗೆ ಅವಳಲ್ಲಿ ಕೇಳಬೇಕಾದದ್ದು ಬಹಳ ಇತ್ತು. ಹೆದರಿಕೆಯಾಗುತ್ತಿದೆಯಾ ಎಂದು ನಾನು ನೇರವಾಗಿ ಕೇಳಲಿಲ್ಲ. ದಿಂಬು ಸರಿಮಾಡಿದೆ, ಹವೆಯ ಮಾತಾಡಿದೆ. ಅವಳಷ್ಟು ಧೈರ್ಯ ನನಗೆ ಬರಲಿಲ್ಲ.

ಸಂತಾಪ ಸಭೆಯಲ್ಲಿ ಕರುಣಾಮಯಿ ಎಂಬ ಶಬ್ದ ಏಳೆಂಟು ಸಲ ಬಂತು. ನನಗೆ ಒಪ್ಪಿಗೆಯಾಗಲಿಲ್ಲ. ಕರುಣೆಗೆ ಎದುರಿನವನ ಕತೆ ಮೊದಲೇ ಗೊತ್ತಿರುತ್ತದೆ. ಅವನು ಬಾಯಿ ತೆರೆಯುವ ಮುನ್ನವೇ ಅದು ಮರುಗಿ ಮುಗಿಸಿರುತ್ತದೆ. ಅವಳಂಥವರಿಗೆ ಏನೂ ಗೊತ್ತಿರುವುದಿಲ್ಲ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಬದುಕು ಸಾಕೆನಿಸಿದವರಿಗೆ, ಮುಂದೆಲ್ಲ ಸರಿಹೋಗುತ್ತದೆ ಎಂದರೆ ಸಿಟ್ಟು ಬರುತ್ತದೆ, ನಿನ್ನ ನೋವು ನನಗೆ ಅರ್ಥವಾಗುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಆದರೆ ತಮ್ಮೊಬ್ಬರಿಗೇ ತಿಳಿದಿರುವ ಒಂದು ಸಣ್ಣ ಸುದ್ದಿಗಾಗಿ ಇನ್ನೊಂದು ಕಡೆ ಯಾರೋ ಕೂತು ನಿಜವಾಗಿಯೂ ಕಾಯುತ್ತಿದ್ದಾರೆ ಎಂದಾದರೆ, ಅದನ್ನು ತಲುಪಿಸುವವರೆಗಾದರೂ ಇರಬೇಕೆನಿಸುತ್ತದೆ. ಮತ್ತು ತಲುಪಿಸುವ ಹೊತ್ತಿಗೆ, ಬಹಳ ಸಲ, ಇನ್ನೊಂದು ಸುದ್ದಿ ಹುಟ್ಟಿರುತ್ತದೆ.